ಬೇರೆಯಾಗಿ ಕೊಂಡ ದಾರಿ

ಡಿಪೋದಲ್ಲಿ ಅವನಿಗೆ ನಿಧಾನಪ್ಪ ಎಂಬ ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಬೇರೆ ಚಾಲಕರು ಮೂರು ಗಂಟೆಯಲ್ಲಿ ಮುಗಿಸುವ ಬೆಟ್ಟದ ದಾರಿಗೆ ಅವನಿಗೆ ಮೂರೂಕಾಲು ಗಂಟೆ ಬೇಕಿತ್ತು. "ನಿಧಾನಪ್ಪನ ಬಸ್ಸು ಹತ್ತುವಾಗ ಹುಡುಗ, ಇಳಿಯುವಾಗ ಮುದುಕ" ಎಂದು ಮೆಕ್ಯಾನಿಕ್‌ಗಳು ಆಡಿಕೊಳ್ಳುತ್ತಿದ್ದರು. ಅವನೂ ಅವರ ಜೊತೆ ಸೇರಿ ನಗುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವನ ಗಾಲಿಗೆ ಒಂದು ಕೋಳಿಮರಿಯೂ ಸಿಕ್ಕಿರಲಿಲ್ಲ. ಯಾರು ಏನೆಂದರೆ ಏನಂತೆ!

ಅವನ ಬಸ್ಸಿನ ಕಂಡಕ್ಟರನಿಗೆ ಸೀಟಿ ಎಂದು ಹೆಸರು. ಅವನು ಊದುತ್ತಿದ್ದ ಸೀಟಿ ಎರಡು ಬೀದಿ ದಾಟಿ ಕೇಳಿಸುತ್ತಿತ್ತು. ಇಬ್ಬರೂ ಒಂದೇ ಬಸ್ಸಿನಲ್ಲಿ ಹದಿನಾಲ್ಕು ವರ್ಷ ದುಡಿದರು. ಸಂಜೆ ಬೆಟ್ಟ ಹತ್ತುವುದು, ಮೇಲಿನ ನಿಲ್ದಾಣದ ಕೋಣೆಯಲ್ಲಿ ಮಲಗುವುದು, ಬೆಳಗ್ಗೆ ಆರಕ್ಕೆ ಇಳಿಯುವುದು. ಒಬ್ಬ ಮಾತಾಡದವನು, ಇನ್ನೊಬ್ಬ ಬಾಯಿ ಮುಚ್ಚದವನು. ಹೀಗಾಗಿ ಜಗಳಕ್ಕೆ ಜಾಗವೇ ಇರಲಿಲ್ಲ. ಸೀಟಿಯ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡಿದ್ದಳು. ನಿಧಾನಪ್ಪನನ್ನು ಅಣ್ಣಾ ಎಂದು ಕರೆಯುತ್ತಿದ್ದಳು, ಅವನ ಮಗಳ ಶಾಲೆಯ ಬಟ್ಟೆಯನ್ನೆಲ್ಲ ಅವಳೇ ಹೊಲಿದುಕೊಟ್ಟವಳು.

ಆ ಒಂದು ಬೆಳಗ್ಗೆ ಬೆಟ್ಟದ ಮೇಲೆ ಮಂಜು ಕವಿದಿತ್ತು. ಅಂಥ ಮಂಜು ನಿಧಾನಪ್ಪನಿಗೆ ಹೊಸದಲ್ಲ. ಆದರೆ ಎಂಟನೇ ತಿರುವು ಇಳಿದ ಮೇಲೆ ಕೈ ಚಾಚಿದರೆ ಬೆರಳು ಕಾಣದಷ್ಟು ದಟ್ಟವಾಯಿತು. ಎಡಗಡೆ ಕಣಿವೆ. ಹದಿನೇಳು ಜನ ಒಳಗೆ ಕೂತಿದ್ದರು. ಒಂಬತ್ತನೇ ತಿರುವಿನಲ್ಲಿ ಮೇಲೇರಿ ಬರುತ್ತಿದ್ದ ಲಾರಿಯೊಂದು ತನ್ನ ಬದಿ ಬಿಟ್ಟು ಇವನ ಬದಿಗೆ ನುಗ್ಗಿತು. ನಿಧಾನಪ್ಪ ಎಡಕ್ಕೆ ತಿರುಗಿಸಿದ. ಬಸ್ಸಿನ ಮಗ್ಗುಲು ತಡೆಗೋಡೆಯನ್ನು ಉಜ್ಜಿಕೊಂಡು ಹೋಗಿ ನಿಂತಿತು. ಒಳಗಿದ್ದ ಹದಿನೇಳು ಜನರಲ್ಲಿ ಒಬ್ಬರಿಗೂ ಗೀರು ಗಾಯವಿಲ್ಲ. ಸೀಟಿ ಬಾಗಿಲ ಮೆಟ್ಟಿಲ ಮೇಲಿದ್ದ. ಮಂಜು ಹರಿದ ಮೇಲೆ ಅವನ ದೇಹವನ್ನು ಕಣಿವೆಯಿಂದ ಎತ್ತಿ ತಂದರು.

ವಿಚಾರಣೆ ನಡೆಸಿದ ಅಧಿಕಾರಿ ಕೇಳಿದ್ದು ನಾಲ್ಕೇ ಪ್ರಶ್ನೆ. ನಾಲ್ಕನೆಯದು: "ಕಂಡಕ್ಟರ್ ಮೆಟ್ಟಿಲ ಮೇಲೆ ಯಾಕಿದ್ದ?"

ನಿಧಾನಪ್ಪ ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿಯೇ ತಲೆ ಎತ್ತದೆ, "ಬಾಗಿಲಲ್ಲಿ ನಿಲ್ಲೋದು ಅಭ್ಯಾಸ ಇತ್ತು ಅನ್ಸುತ್ತೆ, ಅಲ್ವಾ?" ಎಂದ.

ನಿಧಾನಪ್ಪ ತಲೆಯಾಡಿಸಿದ. ಅಷ್ಟೇ. 'ಚಲಿಸುವ ವಾಹನದ ಮೆಟ್ಟಿಲ ಮೇಲೆ ನಿಯಮ ಮೀರಿ ನಿಂತಿದ್ದರಿಂದ' ಎಂಬ ಸಾಲು ವರದಿಯಲ್ಲಿ ಕೂತುಬಿಟ್ಟಿತು.

ಅವನು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ತಾನೇ ಅರ್ಜಿ ಬರೆದುಕೊಟ್ಟು ಡಿಪೋದ ಗೇಟಿನ ಪಕ್ಕದ ಗೂಡಿನಲ್ಲಿ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆಯುವ ಕೆಲಸ ತೆಗೆದುಕೊಂಡ. ನಿವೃತ್ತಿಯವರೆಗೂ ಅದೇ. ಪ್ರತಿ ತಿಂಗಳ ಮೊದಲ ಭಾನುವಾರ ಸೀಟಿಯ ಮನೆಗೆ ಹೋಗುತ್ತಿದ್ದ. ಕೆಟ್ಟ ನಲ್ಲಿ ಸರಿಮಾಡುತ್ತಿದ್ದ, ಹೊಲಿಗೆಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ, ಸೀಟಿಯ ಮುದಿ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. "ಒಡಹುಟ್ಟಿದವರೂ ಇಷ್ಟು ಮಾಡಲ್ಲ" ಎಂದು ಬೀದಿಯವರೆಲ್ಲ ಹೊಗಳಿದರು. ಹೊಗಳಿದಾಗಲೆಲ್ಲ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದ.

ನಿವೃತ್ತಿಯಾದ ಮೇಲೆ ಅವನು ಟಿವಿಯ ಮುಂದೆ ಕೂತಾಗ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಟಿವಿಯಲ್ಲಿ ಯಾವುದೋ ಕಾರು ವೇಗವಾಗಿ ಬಂದರೆ ಸಾಕು, ಪಾದ ಬ್ರೇಕು ಹುಡುಕುತ್ತಿತ್ತು. ಮಗಳು ಅದನ್ನು ಗಮನಿಸಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸದಲ್ಲಿದ್ದಳು. ಎದುರಿಗೆ ಕೂತವರನ್ನು ನಿಟ್ಟಿಸಿ ನೋಡುವುದು ಅವಳಿಗೆ ರೂಢಿ. ಒಂದು ದಿನ ಜೊತೆ ಕೆಲಸ ಮಾಡುವವರಿಂದ ಟಿವಿಗೆ ಜೋಡಿಸಿ ಆಡುವ ಹಳೆಯ ಆಟದ ಯಂತ್ರ, ಮೇಜಿಗೆ ಬಿಗಿಯುವ ಪ್ಲಾಸ್ಟಿಕ್ ಸ್ಟೀರಿಂಗು, ಕಾಲಡಿ ಇಡುವ ಎರಡು ಪೆಡಲು ತಂದಳು.

"ಬಸ್ಸು ಓಡಿಸೋ ಆಟ ಅಪ್ಪಾ. ನೀವು ಓಡಿಸಿ, ನಾನು ಟಿಕೆಟ್ ಹರೀತೀನಿ."

ಮೊದಲ ವಾರ ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಎರಡನೇ ವಾರ, ಮಗಳು ಕೆಲಸಕ್ಕೆ ಹೋದ ಮೇಲೆ, ಕೂತ. ಆಟದಲ್ಲಿ ಒಂದು ಸಪಾಟಾದ ಪಟ್ಟಣ. ನೇರ ರಸ್ತೆಗಳು, ಒಳ್ಳೆಯ ಬಿಸಿಲು. ಸಿಗ್ನಲ್ ಹಳದಿಯಾಗುವ ಮೊದಲೇ ಅವನು ನಿಲ್ಲಿಸುತ್ತಿದ್ದ. "ಬಸ್ಸು ತಡವಾಗುತ್ತಿದೆ" ಎಂದು ಆಟ ಮೂಲೆಯಲ್ಲಿ ಕೆಂಪಕ್ಷರ ತೋರಿಸುತ್ತಿತ್ತು. ಹೆಂಡತಿ ತರಕಾರಿ ಹೆಚ್ಚುತ್ತಾ, "ಇಲ್ಲೂ ಅದೇ ಹೆಸರು ತಗೊಂಡ್ರಾ?" ಎಂದಳು. ಬಹಳ ವರ್ಷದ ಮೇಲೆ ಅವನು ಜೋರಾಗಿ ನಕ್ಕ. ಊಟದ ಮೇಜಿನ ಅರ್ಧ ಸ್ಟೀರಿಂಗಿಗೆ ಬಿಟ್ಟುಕೊಡಲು ಅವಳು ಒಪ್ಪಿದ್ದು ಆ ನಗುವಿಗಾಗಿಯೇ.

ಆ ಆಟಕ್ಕೆ ಒಂದು ಗುಣವಿತ್ತು. ಕೊಂಡಾಗ ಸಿಗುವುದು ಒಂದು ಪಟ್ಟಣ, ಮೂರು ಬಸ್ಸು. ಮಿಕ್ಕ ಊರುಗಳು, ಮಿಕ್ಕ ದಾರಿಗಳು, ಹಳೆಯ ಕಾಲದ ಬಸ್ಸುಗಳು, ಎಲ್ಲವೂ ಬೇರೆ ಬೇರೆ. ಒಂದೊಂದಕ್ಕೂ ಒಂದೊಂದು ಬೆಲೆ, ಕೊಂಡರೆ ಗಾಳಿಯಲ್ಲೇ ಬಂದು ಇಳಿಯುತ್ತದೆ. ಮಗಳು ಅದಕ್ಕೆ ಡಿಎಲ್‌ಸಿ ಎಂದಳು.

"ಹಸು ಮಾರಿ ಬಾಲಕ್ಕೆ ಬೇರೆ ದುಡ್ಡು ಕೇಳಿದ ಹಾಗಾಯ್ತಲ್ಲೇ" ಎಂದಳು ತಾಯಿ.

ಅಂದಿನಿಂದ ಮನೆಯಲ್ಲಿ ಅದಕ್ಕೆ ಬಾಲ ಎಂದೇ ಹೆಸರಾಯಿತು. ಮಗಳು ವಾರಕ್ಕೊಮ್ಮೆ ಆ ಪಟ್ಟಿಯನ್ನು ತೆರೆದು, "ಈ ವಾರ ಯಾವ ಬಾಲ ಬಂದಿದೆ ನೋಡೋಣ" ಎನ್ನುವಳು. ಕಡಲತೀರದ ದಾರಿ, ಮರಳುಗಾಡಿನ ದಾರಿ, ಎರಡಂತಸ್ತಿನ ಬಸ್ಸು. ನಿಧಾನಪ್ಪ, "ಇರೋದೇ ಸಾಕು ಬಿಡು" ಎನ್ನುವನು.

ಒಂದು ಶನಿವಾರ ಬೆಳಗ್ಗೆ ಆ ಪಟ್ಟಿಯಲ್ಲಿ ಹೊಸದೊಂದು ಚಿತ್ರ ಬಂತು. ಬೆಟ್ಟದ ಮಗ್ಗುಲಿಗೆ ಸುತ್ತಿಕೊಂಡ ರಸ್ತೆ, ಅಂಚಿನಲ್ಲಿ ಬಿಳಿ ಬಳಿದ ಮೋಟು ಗೋಡೆ. ಪ್ರವಾಸಿಗಳು ಚಿತ್ರ ತೆಗೆದೂ ತೆಗೆದೂ ಹೆಸರಾದ ದಾರಿ ಅದು. ಆಟ ಮಾಡಿದವರ ಕಣ್ಣಿಗೂ ಬಿದ್ದಿತ್ತು. ಮಗಳು ತಟ್ಟನೆ ಮುಂದಿನದಕ್ಕೆ ಸರಿಸಲು ಹೋದಳು.

"ತಡಿ" ಎಂದ ನಿಧಾನಪ್ಪ. ಎದ್ದು ಟಿವಿಯ ಹತ್ತಿರ ಹೋಗಿ ನಿಂತ. "ಇದು ಒಂಬತ್ತನೇ ತಿರುವು. ಈ ಬಾಲ ಎಷ್ಟು?"

ಮಗಳು ತಾಯಿಯ ಮುಖ ನೋಡಿದಳು. ತಾಯಿ ಈಳಿಗೆಯಿಂದ ಕೈ ತೆಗೆದಿದ್ದಳು. "ಬೇಡ ರೀ. ಅದನ್ನೆಲ್ಲ ಯಾಕೆ ಕೆದಕ್ತೀರಿ?"

"ದಾರಿ ನೋಡ್ತೀನಿ ಅಷ್ಟೇ."

ದಾರಿ ಬಂತು. ಆಟದವರು ಮೋಸ ಮಾಡಿರಲಿಲ್ಲ. ತಿರುವಿಗೆ ತಿರುವು ಸರಿಯಾಗಿತ್ತು, ಐದನೆಯದರ ಹತ್ತಿರ ಬಂಡೆ ಮುಂದಕ್ಕೆ ಬಾಗಿದ್ದೂ ಸರಿಯಾಗಿತ್ತು. ಮಗಳಿಗೆ ಖುಷಿಯಾಯಿತು, ಅಪ್ಪನ ಭಯ ಬಿಟ್ಟುಹೋಗುತ್ತಿದೆ ಎಂದುಕೊಂಡಳು. ಹದಿನೈದು ದಿನ ಬಿಟ್ಟು ಅವನು ಕೇಳಿದ: "ಇದರಲ್ಲಿ ಮಂಜು ಬರಲ್ವಾ?"

ಮಂಜೂ ಒಂದು ಬಾಲವೇ ಆಗಿತ್ತು. ಹವಾಮಾನ ಎಂದು ಬೇರೆಯಾಗಿ ಮಾರುತ್ತಿದ್ದರು.

"ಮಂಜಿಗೂ ದುಡ್ಡಾ! ದೇವರು ಪುಕ್ಕಟೆ ಸುರಿಯೋದು ಅದು" ಎಂದಳು ಹೆಂಡತಿ. ಈ ಸಲ ಯಾರೂ ನಗಲಿಲ್ಲ.

ಆಮೇಲೆ ಬಸ್ಸು. ಆಗ ಅವನು ಓಡಿಸುತ್ತಿದ್ದಂಥ, ಮುಂದಿನ ಮೂತಿ ದಪ್ಪವಾದ, ಎಡಗಡೆ ಒಂದೇ ಬಾಗಿಲಿನ ಹಳೆಯ ಬಸ್ಸು. ಅದಕ್ಕೆ ಮೂರನೇ ಬಾಲ. ಹೀಗೆ ಬಿಡಿಬಿಡಿಯಾಗಿ ಕೊಂಡು ಅವನು ಆ ಬೆಳಗನ್ನು ಜೋಡಿಸುತ್ತಿದ್ದ. ಮಗಳಿಗೆ ಅದು ತಿಳಿಯಲಿಲ್ಲ, ಹೆಂಡತಿಗೆ ತಿಳಿಯಿತು. ಅವಳು ಏನೂ ಅನ್ನದೆ, ಅವನು ಕೂತಾಗ ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ದಿನವೂ ಹತ್ತು ಗಂಟೆಗೆ ಅವನು ಮೇಲಿನ ನಿಲ್ದಾಣದಿಂದ ಇಳಿಯತೊಡಗುವನು. ಒಂಬತ್ತನೇ ತಿರುವಿಗೆ ಬರುವಾಗ ಕೆಲವು ಸಲ ಲಾರಿ ಎದುರಾಗುತ್ತಿತ್ತು, ಕೆಲವು ಸಲ ಇಲ್ಲ. ಎದುರಾದಾಗ ಅವನು ಬಲಕ್ಕೆ ತಿರುಗಿಸಿ ನೋಡಿದ, ನಿಲ್ಲಿಸಿ ನೋಡಿದ, ಮೊದಲೇ ಹಾರ್ನ್ ಹೊಡೆದು ನೋಡಿದ. ಬಸ್ಸು ಕಣಿವೆಗೆ ಉರುಳಿದರೆ ಪರದೆ ಕಪ್ಪಾಗಿ, "ಮತ್ತೆ ಶುರು ಮಾಡಿ" ಎಂಬ ಅಕ್ಷರ ಬರುತ್ತಿತ್ತು. ಅವನು ಮತ್ತೆ ಶುರು ಮಾಡುತ್ತಿದ್ದ. ಎಷ್ಟು ಸಲ ಎಂದರೆ ಪ್ಲಾಸ್ಟಿಕ್ ಸ್ಟೀರಿಂಗಿನ ಎಡಬದಿಯ ಬಣ್ಣ ಸವೆದುಹೋಯಿತು.

ಒಂದು ಶನಿವಾರ ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಎಂಟನೇ ತಿರುವಿನಿಂದ ಮಂಜು ದಟ್ಟವಾಯಿತು. ಅವನು ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದ.

"ನಿಮಗೆ ಅಂಚು ಕಾಣ್ತಿಲ್ಲ ಅಪ್ಪಾ. ಇರಿ, ನಾನು ನೋಡಿ ಹೇಳ್ತೀನಿ" ಎಂದು ಅವಳು ಎದ್ದಳು. ಟಿವಿಯ ಎಡಗಡೆ ನಿಂತು, ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು, ಒಂದು ಕೈ ಬೀಸುತ್ತಾ, "ಬರಲಿ... ಬರಲಿ... ಇನ್ನೊಂದು ಚೂರು ಬರಲಿ..." ಎನ್ನತೊಡಗಿದಳು.

ನಿಧಾನಪ್ಪ ಸ್ಟೀರಿಂಗ್ ಬಿಟ್ಟ. "ಇಳಿ! ಅಲ್ಲಿಂದ ಇಳಿ!" ಎಂದು ಕೂಗಿದ ಸದ್ದಿಗೆ ಹಿತ್ತಲಿನಿಂದ ಹೆಂಡತಿ ಓಡಿಬಂದಳು. ಪರದೆಯ ಮೇಲೆ ಬಸ್ಸು ತಾನಾಗಿ ಉರುಳಿ ಹೋಯಿತು. ಮಗಳು ಗೋಡೆಗೆ ಒರಗಿ ನಿಂತಿದ್ದಳು. ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

"ನಾನೇ ನಿಲ್ಲಿಸಿದ್ದು ಅವನನ್ನ" ಎಂದ. "ಒಳಗೆ ಕೂತಿದ್ದ ಕಣೇ ಅವನು. ಚಳಿ ಅಂತ ಕಿವಿಗೆ ಬಟ್ಟೆ ಕಟ್ಕೊಂಡು ಒಳಗೆ ಕೂತಿದ್ದ. ನಂಗೆ ಅಂಚು ಕಾಣ್ತಿಲ್ಲ, ಸ್ವಲ್ಪ ಮೆಟ್ಟಿಲ ಮೇಲೆ ನಿಂತು ನೋಡಿ ಹೇಳಪ್ಪಾ ಅಂದೆ. ನಾನು ಹೇಳ್ದೆ ಅಂತ ನಿಂತ."

ಆ ಅಪಘಾತದ ಮೇಲೆ ಹನ್ನೊಂದು ವರ್ಷ ಒಂದೇ ಹಾಸಿಗೆಯ ಮಗ್ಗುಲಲ್ಲಿದ್ದ ಹೆಂಡತಿಗೂ ಆ ಮಾತು ಹೊಸದಾಗಿತ್ತು. ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. ಆದರೆ ಅವಳ ಬಾಯಿಂದ ಬಂದದ್ದು ಸಮಾಧಾನದ ಮಾತಲ್ಲ. "ಅವಳಿಗೆ ಹೇಳಿ. ನನಗೆ ಹೇಳಿ ಏನು ಬಂತು? ಅವಳಿಗೆ ಹೇಳಿ."

ಅವನು ಮರುದಿನವೇ ಹೋದ. ತಿಂಗಳ ಮೊದಲ ಭಾನುವಾರವಲ್ಲದ್ದರಿಂದ ಸೀಟಿಯ ಹೆಂಡತಿಗೆ ಆಶ್ಚರ್ಯವಾಯಿತು. ಯಾರದೋ ಪರದೆಯ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು. "ಬನ್ನಿ ಅಣ್ಣಾ, ಕೂತ್ಕೊಳ್ಳಿ, ಇದೊಂದು ಸಾಲು ಮುಗಿಸ್ತೀನಿ" ಎಂದಳು.

ಅವನು ಕೂರಲಿಲ್ಲ. ನಿಂತೇ ಹೇಳಿದ. ಅರ್ಧದಲ್ಲಿ ಯಂತ್ರದ ಸದ್ದು ನಿಂತಿತು. ಪೂರ್ತಿ ಹೇಳಿ ಮುಗಿಸುವವರೆಗೂ ಅವಳು ಸೂಜಿಯಡಿ ಸಿಕ್ಕ ಬಟ್ಟೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಅಭ್ಯಾಸ ಅಂತ ಬರೆದಿದ್ರಲ್ಲ?"

"ಅಭ್ಯಾಸ ಇರ್ಲಿಲ್ಲಮ್ಮ. ಹದಿನಾಲ್ಕು ವರ್ಷದಲ್ಲಿ ಅವನು ಓಡೋ ಬಸ್ಸಿನ ಬಾಗಿಲಲ್ಲಿ ಒಂದು ದಿನ ನಿಂತವನಲ್ಲ. ಅವರು ಕೇಳಿದ್ರು, ನಾನು ಹೂಂ ಅಂದೆ. ಕೆಲಸ ಹೋಗುತ್ತೆ ಅಂತ ಹೆದರಿದೆ. ಮಗಳು ಓದ್ತಿದ್ಲು."

"ನಮ್ಮತ್ತೆ ಏನಂತಿದ್ರು ಗೊತ್ತಲ್ಲ ನಿಮಗೆ?" ಅವಳ ದನಿ ಏರಲಿಲ್ಲ. "ಬಾಗಿಲಿಗೆ ನೇತಾಡಬೇಡ ಅಂತ ಬುದ್ಧಿ ಹೇಳೋಕೆ ನಿನಗೆ ಬಾಯಿರಲಿಲ್ವಾ, ನನ್ನ ಮಗನ್ನ ನೀನೇ ತಿಂದೆ ಅಂತಿದ್ರು. ದಿನಾ. ಸಾಯೋ ದಿನಾನೂ ಅದೇ ಅಂದ್ರು. ಆಗ ನೀವು ಎಲ್ಲಿದ್ರಿ?"

ನಿಧಾನಪ್ಪನ ಕಣ್ಣು ಬಾಗಿಲ ಕಡೆ ಹೋಯಿತು.

"ಇಲ್ಲೇ, ಈ ಬಾಗಿಲ ಹತ್ರ ಕೂತಿದ್ರಿ. ಔಷಧಿ ತಂದುಕೊಟ್ಟು ಕೂತಿದ್ರಿ. ಕೇಳಿಸ್ಕೊಂಡ್ರಿ." ಅವಳು ಎದ್ದು ನಿಂತಳು. "ನಾನೂ ನಮ್ಮ ಯಜಮಾನರನ್ನ ಬೈತಿದ್ದೆ. ಮನಸ್ಸಲ್ಲೇ. ಅಡಿಗೆ ಮಾಡ್ತಾ, ಬಟ್ಟೆ ಹೊಲೀತಾ. ಒಂದು ನಿಮಿಷ ಒಳಗೆ ಕೂತಿದ್ರೆ ಏನಾಗ್ತಿತ್ತು ನಿನಗೆ ಅಂತ. ಹನ್ನೊಂದು ವರ್ಷ ಬೈದಿದೀನಿ, ತಪ್ಪೇ ಮಾಡದವರನ್ನ. ಹೋಗಿ. ಇನ್ನು ಬರಬೇಡಿ."

ಅವನು ಅಲ್ಲಿಂದ ನೇರವಾಗಿ ಮನೆಗೆ ಬಂದು, ಕನ್ನಡಕ ಹಾಕಿಕೊಂಡು, ನಡೆದದ್ದನ್ನೆಲ್ಲ ಎರಡು ಹಾಳೆಯಲ್ಲಿ ಬರೆದ. ಸೋಮವಾರ ದೊಡ್ಡ ಕಚೇರಿಗೆ ಒಯ್ದ. ಗುಮಾಸ್ತ ಓದಿ, ಅವನ ಮುಖ ನೋಡಿ, ಮತ್ತೆ ಓದಿದ.

"ಹನ್ನೊಂದು ವರ್ಷದ ಫೈಲು ಸ್ವಾಮೀ, ಮುಚ್ಚಿಹೋಗಿದೆ. ನಿವೃತ್ತಿ ಆಗಿ ಆರಾಮಾಗಿದೀರಿ, ಯಾಕೆ ಬೇಕು ಈ ಉಸಾಬರಿ?"

"ತಗೊಂಡು ಮೊಹರು ಹಾಕಿಕೊಡಿ."

ನಾಲ್ಕು ಸಲ ಅಲೆದ ಮೇಲೆ, ಹಳೆಯ ವರದಿಯ ಜೊತೆಗೆ ಅವನ ಹೇಳಿಕೆಯನ್ನೂ ಇರಿಸಲಾಗಿದೆ ಎಂಬ ಎರಡು ಸಾಲಿನ ಕಾಗದ ಸಿಕ್ಕಿತು. ಅದರ ಪ್ರತಿಯನ್ನು ಹೆಂಡತಿಯ ಕೈಯಲ್ಲಿ ಸೀಟಿಯ ಮನೆಗೆ ಕಳಿಸಿದ. ಆಟದ ಸ್ಟೀರಿಂಗನ್ನು ಬಿಚ್ಚಿ ಬೀರುವಿನ ಮೇಲಿಟ್ಟ. ದಾರಿ, ಮಂಜು, ಬಸ್ಸು ಮೂರನ್ನೂ ಯಂತ್ರದಿಂದ ತೆಗೆಸಿದ. ಮೊದಲ ಭಾನುವಾರ ಬಂದರೆ ಏನು ಮಾಡುವುದೆಂದು ತಿಳಿಯದೆ ಬೀದಿಯ ಕೊನೆವರೆಗೂ ಹೋಗಿ ಹಿಂದಿರುಗುತ್ತಿದ್ದ.

ಐದು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಸೀಟಿಯ ಹೆಂಡತಿಯೇ ಬಂದಳು. ಬಾಗಿಲು ತೆರೆದ ನಿಧಾನಪ್ಪನನ್ನು ದಾಟಿ ಒಳಬಂದು ಅವನ ಹೆಂಡತಿಯ ಮುಂದೆ ನಿಂತಳು.

"ಅಕ್ಕಾ, ಆವತ್ತು ನೀವು ಕಾಗದ ಕೊಡೋಕೆ ಬಂದಾಗ ಒಂದು ಆಟದ ವಿಷಯ ಹೇಳಿದ್ರಲ್ಲ. ಆ ದಾರಿ ಅದರಲ್ಲಿ ಇದೆ ಅಂತ. ನಾನು ಆ ಬೆಟ್ಟ ಒಂದ್ಸಲಾನೂ ನೋಡಿಲ್ಲ. ಕರ್ಕೊಂಡು ಹೋಗ್ತೀನಿ ಅಂತ ಅವರು ಹೇಳ್ತಾನೇ ಇದ್ರು. ಆಮೇಲೆ ಯಾರು ಕರೆದ್ರೂ ನನಗೆ ಕಾಲು ಬರಲಿಲ್ಲ. ಇಲ್ಲಾದ್ರೆ ನೋಡಬಲ್ಲೆ ಅನ್ಸುತ್ತೆ."

"ಅದನ್ನ ತೆಗೆಸಿಬಿಟ್ಟೆ" ಎಂದ ನಿಧಾನಪ್ಪ ಹಿಂದಿನಿಂದ.

"ಒಂದ್ಸಲ ಕೊಂಡದ್ದು ನಮ್ಮ ಹೆಸರಲ್ಲೇ ಇರುತ್ತೆ ಅಪ್ಪಾ" ಎಂದಳು ಮಗಳು. "ಮತ್ತೆ ಇಳಿಸ್ಕೋಬಹುದು. ಇಪ್ಪತ್ತು ನಿಮಿಷ ಬೇಕು."

ಆ ಇಪ್ಪತ್ತು ನಿಮಿಷ ನಾಲ್ವರೂ ಊಟದ ಮೇಜಿನ ಸುತ್ತ ಕೂತು ಪರದೆಯ ಮೇಲೆ ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ಬೆಳೆಯುವುದನ್ನೇ ನೋಡಿದರು. ಹೆಂಡತಿ ತಂದಿಟ್ಟ ನೀರನ್ನೂ ಯಾರೂ ಕುಡಿಯಲಿಲ್ಲ.

"ಮಂಜು ಹಾಕ್ಲಾ ಆಂಟೀ?" ಎಂದು ಮಗಳು ಮೆಲ್ಲಗೆ ಕೇಳಿದಳು.

"ಬೇಡ. ನನಗೆ ಕಾಣಬೇಕು."

ಮೇಲಿನ ನಿಲ್ದಾಣದಿಂದ ಬಸ್ಸು ಹೊರಟಿತು. ಅವರು ಮಲಗುತ್ತಿದ್ದ ಕೋಣೆ ಯಾವುದೆಂದು ಅವಳು ಕೇಳಿದಳು. ಆಟದವರು ಅದನ್ನು ಕಟ್ಟಿರಲಿಲ್ಲ, ಆ ಜಾಗದಲ್ಲಿ ಒಂದು ಹಳದಿ ಗೋಡೆಯಿತ್ತು. ಅವಳು ಆ ಗೋಡೆಯನ್ನೇ ನೋಡಿದಳು. ನಿಧಾನಪ್ಪ ಇಳಿಯತೊಡಗಿದ. ಬಸ್ಸು ಒಂದಿಷ್ಟೂ ಅಲುಗಲಿಲ್ಲ. ಒಂಬತ್ತನೇ ತಿರುವು ಬಂದಾಗ ಅವನು ಹೇಳಲಿಲ್ಲ, ಅವಳೇ ಕೇಳಿದಳು.

"ಇದಾ?"

"ಇದೇ."

"ನಿಲ್ಲಿಸಿ."

ಅಷ್ಟು ಸಲ ಇಳಿದವನು ಅಲ್ಲಿ ಸುಮ್ಮನೆ ನಿಂತು ನೋಡಿರಲೇ ಇಲ್ಲ. ನಿಲ್ಲಿಸಿದ. ಬಿಸಿಲು ಚೆನ್ನಾಗಿತ್ತು, ಕಣಿವೆಯ ತುಂಬ ಹಸಿರು. ತಡೆಗೋಡೆಯ ಸುಣ್ಣ ಬೆಳ್ಳಗೆ ಹೊಳೆಯುತ್ತಿತ್ತು. ಮೂಲೆಯಲ್ಲಿ ಕೆಂಪಕ್ಷರ ಮಿನುಗತೊಡಗಿತು, ಹಿಂದಿನ ಸೀಟುಗಳಿಂದ ಆಟದ ಪ್ರಯಾಣಿಕರ ಗೊಣಗಾಟ ಕೇಳಿಸಿತು. ಮಗಳು ಸದ್ದು ಆರಿಸಿದಳು.

"ತುಂಬ ಇಕ್ಕಟ್ಟಾದ ಜಾಗ ಅಂದ್ಕೊಂಡಿದ್ದೆ" ಎಂದಳು ಸೀಟಿಯ ಹೆಂಡತಿ. "ಇಷ್ಟು ಅಗಲ ಇದೆ." ತಡೆಗೋಡೆಯತ್ತ ಬೆರಳು ಮಾಡಿ, "ಕೊನೇಲಿ ಏನಂದ್ರು?"

"ಬರಲಿ ಬರಲಿ ಅಂತಿದ್ದ." ಇದನ್ನು ನಿಧಾನಪ್ಪ ಹಾಳೆಯಲ್ಲೂ ಬರೆದಿರಲಿಲ್ಲ. "ಆಮೇಲೆ, ಅಣ್ಣಾ ಸಾಕು ಅಂದ. ನನಗೆ ಕೇಳಿಸ್ತು. ಕೇಳಿಸೋ ಹೊತ್ತಿಗೆ ತಿರುಗಿಸಿಬಿಟ್ಟಿದ್ದೆ."

ಅವಳು ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ನಿಧಾನಪ್ಪನ ಹೆಂಡತಿ ಅವಳ ಬೆನ್ನಿನ ಮೇಲೆ ಕೈಯಿಟ್ಟಳು. ಪರದೆಯ ಮೇಲೆ ಬಸ್ಸು ನಿಂತೇ ಇತ್ತು.

"ನಡೀರಿ" ಎಂದಳು ಸೀಟಿಯ ಹೆಂಡತಿ.

"ಇಲ್ಲಿಗೇ ಮುಗಿಸೋಣಮ್ಮ. ಮುಂದೆ ನೋಡೋಕೆ ಏನಿಲ್ಲ."

"ಅವರನ್ನ ಇಲ್ಲೇ ಬಿಟ್ಟು ಬಂದ್ರಲ್ಲ. ನನ್ನನ್ನ ಕೆಳಗಿನ ತನಕ ಬಿಡಿ."

ಅವನು ಬಿಟ್ಟ. ಉಳಿದ ಹದಿಮೂರು ತಿರುವುಗಳನ್ನು ಇಳಿದು, ಬಯಲು ದಾಟಿ, ಕೆಳಗಿನ ನಿಲ್ದಾಣದಲ್ಲಿ ನಿಲ್ಲಿಸಿ ಬಾಗಿಲು ತೆರೆದ. ಅವಳು ಎದ್ದು ಚೀಲ ತೆಗೆದುಕೊಂಡು, ಹೆಂಡತಿಗೆ "ಬರ್ತೀನಿ ಅಕ್ಕಾ" ಎಂದು ಹೇಳಿ ಹೋದಳು.

ಮತ್ತೆ ಅವಳು ಅವನನ್ನು ಅಣ್ಣಾ ಎಂದು ಕರೆಯಲಿಲ್ಲ. ಸಂತೆಬೀದಿಯಲ್ಲಿ ಎದುರಾದರೆ "ಹೇಗಿದೀರಿ ಡ್ರೈವರ್ರೇ?" ಎಂದು ನಿಂತು ಕೇಳುತ್ತಿದ್ದಳು, ಅವನು "ಇದೀನಮ್ಮ" ಎನ್ನುತ್ತಿದ್ದ. ಅವನ ಹೆಂಡತಿಯೊಡನೆ ಹೋಗಿಬಂದು ಮಾಡುತ್ತಿದ್ದಳು, ಅವನು ಮನೆಯಲ್ಲಿಲ್ಲದ ಹೊತ್ತು ನೋಡಿ. ನಿಧಾನಪ್ಪ ಅದನ್ನು ತಿಳಿದು, ಅವಳು ಬರುವ ದಿನ ತಾನಾಗಿಯೇ ವಾಕಿಂಗ್ ಎಂದು ಹೊರಟುಬಿಡುತ್ತಿದ್ದ. ಆಟವನ್ನು ಅವನು ಮತ್ತೆ ಆಡಲಿಲ್ಲ. ಹೊಸ ಬಾಲ ಬಂದಿದೆ ಎಂದು ಮಗಳೂ ಹೇಳಲಿಲ್ಲ.

ಮೂರು ವರ್ಷದ ಮೇಲೆ, ಒಂದು ಬೆಳಗ್ಗೆ ಪೇಪರ್ ಓದುತ್ತಾ ಕೂತಲ್ಲೇ ಅವನು ಹೋದ. ಡಿಪೋದಿಂದ ಹಳಬರು ಬಂದರು. ನಿಧಾನವಾಗಿ ಹೋಗುವವನು ಈ ವಿಷಯದಲ್ಲಿ ಅವಸರ ಮಾಡಿದ ಎಂದು ಕಣ್ಣೊರೆಸಿಕೊಂಡರು. ಸೀಟಿಯ ಹೆಂಡತಿ ಎಲ್ಲರಿಗಿಂತ ಮೊದಲೇ ಬಂದು, ಸಂಜೆವರೆಗೂ ಹಿತ್ತಲ ಮೆಟ್ಟಿಲ ಮೇಲೆ ಅವನ ಹೆಂಡತಿಯನ್ನು ತಬ್ಬಿ ಕೂತಿದ್ದಳು. ಕೊನೆಗೆ ದೇಹ ಎತ್ತುವ ಹೊತ್ತಾಯಿತು. "ಬಾ ತಂಗಿ, ಒಂದ್ಸಲ ಮುಖ ನೋಡು ಬಾ" ಎಂದು ಅವನ ಹೆಂಡತಿ ಕೈ ಹಿಡಿದು ಎಬ್ಬಿಸಲು ನೋಡಿದಳು.

"ಇಲ್ಲಕ್ಕ" ಎಂದಳು ಅವಳು, ಕೈ ಬಿಡಿಸಿಕೊಳ್ಳದೆ. "ನಾನು ನಿನಗೋಸ್ಕರ ಬಂದೆ."